ಹಗುರಾಗಿ ನಡೆಯೋಣ, ಒಟ್ಟಾಗಿ ನಡೆಯೋಣ

(ಸ್ವ-ಸಹಾಯ ಸಂಘಗಳ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಮಕ್ಕಳಿಗೆ ಬುತ್ತಿ ಕಟ್ಟಿ, ದನಕ್ಕೆ ಮೇವು ಹಾಕಿ, ಎರಡು ಬಸ್ಸು ಹಿಡಿದು ಇಲ್ಲಿಗೆ ಬಂದಿದ್ದೀರಿ. ನೀವು ಬಂದದ್ದೇ ನಮಗೆ ದೊಡ್ಡ ಸಂತೋಷ.

ಇವತ್ತು ನಮಗೆ ಕೊಟ್ಟ ವಿಷಯ 'ಆರ್ಥಿಕ ಶಿಸ್ತು'. ಆದರೆ ಉಳಿತಾಯ ಮಾಡಿ, ಕಂತು ಕಟ್ಟಿ, ಪುಸ್ತಕ ಬರೆಯಿರಿ ಅಂತ ನಾವು ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ನೀವೂ ಕೇಳಿ ಕೇಳಿ ಬೇಸತ್ತಿದ್ದೀರಿ. ಅದಕ್ಕೆ ಇವತ್ತು ಪ್ರಾಣಿ ಪಕ್ಷಿಗಳ ಮಾತಾಡೋಣ. ಹಗುರಾಗಿ, ಅಂದವಾಗಿ ಚಲಿಸುವ ನಾಲ್ಕು ಜೀವಿಗಳು. ಕೊನೆಗೆ ಅದು ಹೇಗೋ ನಿಮ್ಮ ಕಂತಿನ ಪುಸ್ತಕಕ್ಕೇ ಬಂದು ನಿಲ್ಲುತ್ತದೆ, ನೋಡ್ತಾ ಇರಿ.

ಒಂದು ಮನೆಯ ಬಾಗಿಲು

ಈ ಯೋಚನೆ ನಮಗೆ ಬಂದದ್ದು ಒಬ್ಬ ಸದಸ್ಯೆಯ ಮನೆಯ ಮುಂದೆ. ರಾಣೆಬೆನ್ನೂರು ಸೀಮೆಯ ಒಂದು ಹಳ್ಳಿ. ಹೆಸರು ಬೇಡ. ಆಕೆ ಸಂಘ ಶುರುವಾದಾಗಿಂದ ಇದ್ದವಳು, ಒಂದು ವಾರವೂ ಉಳಿತಾಯ ತಪ್ಪಿಸಿದವಳಲ್ಲ. ಅಂಥವಳು ಏಳು ಸಭೆಗೆ ಬರಲಿಲ್ಲ. ನಾವು ಏನು ಮಾಡಿದೆವು? ನಡಾವಳಿ ಪುಸ್ತಕದಲ್ಲಿ 'ಗೈರು' ಅಂತ ಬರೆದೆವು. ಸಭೆಗೆ ಹತ್ತು ರೂಪಾಯಿ ದಂಡ ಹಾಕಿಸಿದೆವು. ಎಪ್ಪತ್ತು ರೂಪಾಯಿ ದಂಡವಾಯಿತು. ಯಾಕೆ ಬರಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಎಂಟನೆಯ ವಾರ ಅನಿಮೇಟರ್ ಜೊತೆ ಆಕೆಯ ಮನೆಗೆ ಹೋದೆವು. ನಮ್ಮ ಜೀಪಿನ ಸದ್ದು ಕೇಳಿ ಆಕೆ ಬಾಗಿಲ ಹಿಂದೆ ಅಡಗಿಕೊಂಡಳು. ಸಣ್ಣ ಹುಡುಗ ಹೊರಗೆ ಬಂದು, "ಅವ್ವ ಊರಾಗ ಇಲ್ರೀ" ಅಂದ. ಬಾಗಿಲ ಸಂದಿಯಲ್ಲಿ ಸೀರೆಯ ಸೆರಗು ಕಾಣುತ್ತಿತ್ತು.

ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಈ ಕೆಲಸದಲ್ಲಿದ್ದೇವೆ. ನಮ್ಮನ್ನು ನೋಡಿ ಒಬ್ಬ ಹೆಣ್ಣುಮಗಳು ಅಡಗಿಕೊಳ್ಳುವ ಹಾಗಾಯಿತಲ್ಲ ಅಂತ ಹೊಟ್ಟೆಯಲ್ಲಿ ಸಂಕಟವಾಯಿತು. ವಸೂಲಿಗೆ ಬಂದವರು ಅಂತ ಆಕೆ ತಿಳಿದಿದ್ದಳು. ನಾವು ಏನೂ ಮಾತಾಡದೆ ಕಟ್ಟೆಯ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಆಕೆಯೇ ಹೊರಗೆ ಬಂದು, ನೀರು ಕೊಟ್ಟು, ಪಕ್ಕದಲ್ಲಿ ಕೂತಳು. ಆಗ ಎದುರಿನ ಹೊಲ ದಾಟಿ ಚಿಗರಿಗಳ ಹಿಂಡೊಂದು ಹಾರಿ ಹೋಯಿತು. ಆಕೆ ನೋಡಿ ಅಂದಳು:

"ಅದಕ್ಕ ಯಾವ ಕಂತೂ ಇಲ್ಲ ನೋಡ್ರಿ ಸಿಸ್ಟರ್. ಎಷ್ಟ್ ಹಗೂರ ಹಾರತೈತಿ. ನನ್ನ ಹೆಜ್ಜಿ ಮಣಭಾರ ಆಗೈತ್ರೀ."

ಆ ಮಾತು ನಮ್ಮನ್ನು ಬಿಡಲಿಲ್ಲ. ಚಿಗರಿ ನಿಜವಾಗಿಯೂ ಚಿಂತೆ ಇಲ್ಲದ್ದಕ್ಕೆ ಹಗುರವೋ? ಅಥವಾ ಹಗುರಾಗಿ ಬದುಕುವ ದಾರಿ ಅದಕ್ಕೆ ಗೊತ್ತಿದೆಯೋ?

1. ಚಿಗರಿ: ಅಡಗುವುದಿಲ್ಲ, ಜಿಗಿದು ಹೇಳುತ್ತದೆ

ಚಿಗರಿ ಅಂದರೆ ಕೃಷ್ಣಮೃಗ. ಗಂಡು ಕಪ್ಪು-ಬಿಳುಪು, ತಿರುಚಿದ ಕೊಂಬು. ಹೆಣ್ಣು ಕಂದು ಬಣ್ಣ. ನಮ್ಮ ಭಾಗದ ಹೆಮ್ಮೆಯ ಪ್ರಾಣಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಚಿಗರಿ ಅಂತಲೇ ಹೆಸರಿಟ್ಟರು. ರಾಣೆಬೆನ್ನೂರಿನಲ್ಲಿ 1974ರಲ್ಲಿ ಇದಕ್ಕಾಗಿಯೇ 119 ಚದರ ಕಿಲೋಮೀಟರ್ ಅಭಯಾರಣ್ಯ ಮಾಡಿದರು. ಗಂಟೆಗೆ 80 ಕಿಲೋಮೀಟರ್ ವೇಗದವರೆಗೂ ಓಡಬಲ್ಲ ಪ್ರಾಣಿ ಅದು.

ಅದಕ್ಕೆ ಕಷ್ಟ ಇಲ್ಲವಾ? ತೋಳ ಇದೆ, ಊರ ನಾಯಿಗಳ ಕಾಟ ಇದೆ, ಬರಗಾಲ ಇದೆ, ಹುಲ್ಲುಗಾವಲು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ನಮ್ಮ ಹೊಲಕ್ಕೂ ಅದು ನುಗ್ಗುತ್ತದೆ. "ಬಿತ್ತಿದ್ದೆಲ್ಲಾ ಮೇಯ್ದು ಹೋಗತಾವ್ರೀ" ಅಂತ ನೀವು ಬೈಯುವುದನ್ನೂ ಕೇಳಿದ್ದೇವೆ. ಆ ನಷ್ಟ ನಿಜ. ಹಾಗಾಗಿ ಅದನ್ನು ಸಾಧು ಪ್ರಾಣಿ ಅಂತ ಪೂಜೆಗೆ ಕೂರಿಸುವುದು ಬೇಡ. ಅದು ಬದುಕುವ ರೀತಿಯನ್ನು ಮಾತ್ರ ನೋಡೋಣ.

ಚಿಗರಿ ಇರುವುದು ಬಯಲಿನಲ್ಲಿ. ಪೊದೆ ಇಲ್ಲ, ಗುಹೆ ಇಲ್ಲ, ಅಡಗಲು ಜಾಗವೇ ಇಲ್ಲ. ಅದನ್ನು ಕಾಯುವುದು ಮೂರೇ ವಿಷಯ: ದೂರ ನೋಡುವ ಕಣ್ಣು, ಓಡುವ ಕಾಲು, ಜೊತೆಯಲ್ಲಿರುವ ಹಿಂಡು. ಒಂದಕ್ಕೆ ಅಪಾಯದ ಸುಳಿವು ಸಿಕ್ಕರೆ ಸುಮ್ಮನೆ ಓಡಿಹೋಗುವುದಿಲ್ಲ. ಮೊದಲು ಎತ್ತರಕ್ಕೆ ಜಿಗಿಯುತ್ತದೆ. ಅದನ್ನು ನೋಡಿ ಇನ್ನೊಂದು, ಮತ್ತೊಂದು, ಕೊನೆಗೆ ಇಡೀ ಹಿಂಡೇ ಜಿಗಿಯುತ್ತದೆ. ನಾವು ನೋಡಿ "ಆಹಾ, ಎಷ್ಟು ಚೆಂದ!" ಅನ್ನುತ್ತೇವೆ. ಆದರೆ ಅದು ಕುಣಿತವಲ್ಲ, ಎಚ್ಚರಿಕೆ.

ನಾವು ಏನು ಮಾಡುತ್ತೇವೆ? ಮೊದಲ ಕಂತು ತಪ್ಪಿದಾಗ ಯಾರಿಗೂ ಹೇಳುವುದಿಲ್ಲ. ಮರ್ಯಾದೆ ಹೋಗುತ್ತದೆ ಅಂತ. ಆ ಕಂತು ತುಂಬಲು ಇನ್ನೊಂದು ಕಡೆ ಸಾಲ ತೆಗೆಯುತ್ತೇವೆ. ಅದನ್ನು ತುಂಬಲು ಮತ್ತೊಂದು ಕಡೆ. ಆ ತಂಗಿಯ ವಿಷಯದಲ್ಲೂ ಆದದ್ದು ಇದೇ. ಮೂರು ಕಂಪನಿ ಸಾಲ, ಮೇಲೆ ಸಂಘದ ಸಾಲ. ಗಂಡನಿಗೂ ಪೂರ್ತಿ ಲೆಕ್ಕ ಗೊತ್ತಿರಲಿಲ್ಲ.

ಮೊದಲ ಪಾಠ: ತೊಂದರೆಯ ಸುಳಿವು ಸಿಕ್ಕ ದಿನವೇ ಸಂಘದಲ್ಲಿ ಹೇಳಿ. ಹೇಳುವವಳಿಗೆ ಧೈರ್ಯ ಬೇಕು, ನಿಜ. ಆದರೆ ಕೇಳುವ ಹಿಂಡು ಹಿಂಡಿನ ಹಾಗೆ ಇರಬೇಕು. ಹೇಳಿದವಳನ್ನು ನೋಡಿ ನಗುವ ಸಂಘದಲ್ಲಿ ಯಾರು ಬಾಯಿ ಬಿಡುತ್ತಾರೆ?

2. ಪಟ್ಟೆ ತಲೆಯ ಬಾತು: ನೆಲ ಇಳಿದರೆ ತಾನೂ ಇಳಿಯುತ್ತದೆ

ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋಗಿದ್ದೀರಾ? ಸಾವಿರಾರು ಬಾತುಗಳು ಬರುತ್ತವೆ. ಬೂದು ಮೈ, ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತೇ ಕಾಪಾಡಬೇಕಾದ ಜಲತಾಣ ಅಂತ ಹೆಸರಾಯಿತು. ಈ ಜಾತಿಯ ಬಾತುಗಳು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಕಡೆಯ ಸೀಮೆಗಳಲ್ಲಿ. ನಡುವೆ ಹಿಮಾಲಯ ಪರ್ವತ ಇದೆ. ಎರಡು-ಮೂರು ಕಿಲೋ ತೂಕದ ಹಕ್ಕಿ, ಅದನ್ನು ದಾಟಿ ಬರುತ್ತದೆ! 7000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ.

ಹೇಗೆ ದಾಟುತ್ತದೆ? ಒಂದೇ ಸಲ ಮೇಲಕ್ಕೆ ಏರಿ, ಆ ಎತ್ತರದಲ್ಲೇ ನೇರವಾಗಿ ಹಾರಿ ಬರುತ್ತದೆ ಅಂತ ನಾವು ತಿಳಿಯುತ್ತೇವೆ. ವಿಜ್ಞಾನಿಗಳು ಈ ಬಾತುಗಳ ಮೈಯೊಳಗೆ ಸಣ್ಣ ಯಂತ್ರ ಇಟ್ಟು ಹೃದಯದ ಬಡಿತ ಅಳೆದರು. 2015ರಲ್ಲಿ ಅದರ ವಿವರ ಬಂತು. ಬಾತು ನೆಲವನ್ನು ಅನುಸರಿಸಿ ಹಾರುತ್ತದಂತೆ. ಬೆಟ್ಟ ಬಂದರೆ ಏರುತ್ತದೆ, ಕಣಿವೆ ಬಂದರೆ ಇಳಿಯುತ್ತದೆ. ಕಷ್ಟಪಟ್ಟು ಏರಿದ ಎತ್ತರವನ್ನು ಬಿಟ್ಟು ಇಳಿಯುವುದು ನಷ್ಟ ಅನ್ನಿಸುತ್ತದೆ, ಅಲ್ವಾ? ಆದರೆ ತೆಳು ಗಾಳಿಯಲ್ಲಿ ಎತ್ತರದಲ್ಲೇ ಉಳಿಯುವುದಕ್ಕೆ ಅದಕ್ಕಿಂತ ಹೆಚ್ಚು ಶಕ್ತಿ ಬೇಕು. ಇಳಿದು ಮತ್ತೆ ಏರುವುದೇ ಕಡಿಮೆ ಖರ್ಚು.

ಇದು ನಮ್ಮ ಮನೆಯ ಲೆಕ್ಕವೇ. ಮಳೆ ಚೆನ್ನಾಗಿ ಬಂದ ವರ್ಷ ಹಿರಿ ಮಗಳ ಮದುವೆಯನ್ನು ಕಲ್ಯಾಣ ಮಂಟಪದಲ್ಲಿ ಮಾಡಿದೆವು. ಮಳೆ ಕೈಕೊಟ್ಟ ವರ್ಷ ಎರಡನೆಯ ಮಗಳಿಗೂ ಅದೇ ಮಂಟಪ, ಅದೇ ಬಂಗಾರ, ಅದೇ ಊಟ. ಯಾಕೆ? "ಜನ ಏನಂತಾರ್ರೀ ಸಿಸ್ಟರ್?" ನೆಲ ಇಳಿದಿದೆ, ನಾವು ಇಳಿಯಲಿಲ್ಲ. ಎತ್ತರ ಉಳಿಸಿಕೊಳ್ಳಲು ಸಾಲ ಮಾಡಿದೆವು. ಆ ತಂಗಿಯ ಮೊದಲ ಕಂಪನಿ ಸಾಲವೂ ಮದುವೆಯದ್ದೇ.

ಇಳಿಯುವುದು ಸೋಲಲ್ಲ. ಈ ವರ್ಷ ಇಳಿದರೆ ಮುಂದಿನ ವರ್ಷ ಏರಲು ಉಸಿರು ಇರುತ್ತದೆ.

ಬಾತುಗಳಿಂದ ಇನ್ನೊಂದು ಮಾತು, ವಿಶೇಷವಾಗಿ ಪ್ರತಿನಿಧಿಗಳಿಗೆ. ಇವು ಸಾಲಾಗಿ, ಬಾಣದ ತುದಿಯ ಆಕಾರದಲ್ಲಿ ಹಾರುವುದನ್ನು ನೋಡಿದ್ದೀರಿ. ಹೀಗೆ ಹಾರುವಾಗ ಮುಂದಿನ ಹಕ್ಕಿಯ ರೆಕ್ಕೆಯಿಂದ ಏಳುವ ಗಾಳಿ ಹಿಂದಿನದಕ್ಕೆ ಆಸರೆಯಾಗುತ್ತದೆ. ಮುಂದಿರುವ ಹಕ್ಕಿಗೆ ಮಾತ್ರ ಆ ಆಸರೆ ಇಲ್ಲ. ಯೂರೋಪಿನಲ್ಲಿ ಐಬಿಸ್ ಅನ್ನುವ ಬೇರೊಂದು ಹಕ್ಕಿಯ ಮೇಲೆ ಅಧ್ಯಯನ ಮಾಡಿದಾಗ, ಅವು ಮುಂದೆ ಹಾರುವ ಕೆಲಸವನ್ನು ಸರದಿಯ ಮೇಲೆ ಹಂಚಿಕೊಳ್ಳುವುದು ಕಂಡುಬಂತು.

ನಮ್ಮ ಕೆಲವು ಸಂಘಗಳಲ್ಲಿ ಒಬ್ಬಳೇ ಹನ್ನೊಂದು ವರ್ಷದಿಂದ ಮೊದಲನೆಯ ಪ್ರತಿನಿಧಿ. ಬ್ಯಾಂಕಿಗೆ ಅವಳೇ, ಒಕ್ಕೂಟಕ್ಕೂ ಅವಳೇ, ಪುಸ್ತಕವೂ ಅವಳ ಟ್ರಂಕಿನಲ್ಲೇ. "ನಾ ಇಲ್ಲಾಂದ್ರ ಸಂಘ ಮುಳಗತೈತಿ" ಅಂತಾಳೆ. ಅವಳಿಗೆ ಸುಸ್ತು, ಉಳಿದವರಿಗೆ ಅನುಮಾನ. ಸರದಿ ಬದಲಾಯಿಸಿ. ಓದಲು ಬಾರದವಳೂ ಬ್ಯಾಂಕಿಗೆ ಹೋಗಿ ಕೌಂಟರ್ ಮುಂದೆ ನಿಲ್ಲಲಿ. ಜೊತೆಗೆ ಒಬ್ಬಳು ಓದಲು ಬರುವವಳು ಹೋಗಲಿ. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿದಾಗ, ಹಳ್ಳಿಯ ಹೆಂಗಸರು ಬ್ಯಾಂಕ್ ವ್ಯವಹಾರ ಮಾಡುತ್ತಾರಾ ಅಂತ ಅನುಮಾನಪಟ್ಟವರು ಬಹಳ ಮಂದಿ. ನೀವು ಮಾಡಿ ತೋರಿಸಿದಿರಿ. ಈಗ ನಿಮ್ಮೊಳಗೇ ಒಬ್ಬಳ ಮೇಲೆ ಇನ್ನೊಬ್ಬಳು ಆ ನಂಬಿಕೆ ಇಡಬೇಕು.

3. ಹೆಜ್ಜಾರ್ಲೆ: ಭಾರವಿದ್ದರೂ ತೇಲುತ್ತದೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಂದು ಸಲ ಪ್ರವಾಸ ಹೋಗೋಣ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಊರಿನವರು ಅವುಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಹಿಕ್ಕೆ ಬಿದ್ದು ಹುಣಸೆ ಫಸಲು ಹಾಳಾದರೂ ಓಡಿಸುವುದಿಲ್ಲ.

ಹೆಜ್ಜಾರ್ಲೆ ಸಣ್ಣ ಹಕ್ಕಿಯಲ್ಲ. ಐದು ಕಿಲೋ ಆಸುಪಾಸು ತೂಗುತ್ತದೆ. ನೆಲದ ಮೇಲೆ ನಡೆಯುವುದನ್ನು ನೋಡಿದರೆ ನಗು ಬರುತ್ತದೆ, ತುಂಬು ಬಸುರಿಯ ಹಾಗೆ ವಾಲಾಡುತ್ತದೆ. ಅದೇ ಹಕ್ಕಿ ಆಕಾಶಕ್ಕೆ ಏರಿದರೆ ರೆಕ್ಕೆ ಬಡಿಯದೆ ತೇಲುತ್ತದೆ, ಗಾಳಿಪಟದ ಹಾಗೆ. ಗುಟ್ಟು ಏನು? ಎಲುಬುಗಳೊಳಗೆ ಗಾಳಿ ತುಂಬಿದೆ. ರೆಕ್ಕೆ ಬಿಚ್ಚಿದರೆ ಏಳು ಅಡಿಯಷ್ಟು ಅಗಲ. ಎಲ್ಲಕ್ಕಿಂತ ದೊಡ್ಡ ಗುಟ್ಟು, ಕಾಯುವುದು. ಬಿಸಿಲೇರಿ ನೆಲ ಕಾದ ಮೇಲೆ ಬಿಸಿ ಗಾಳಿ ಮೇಲಕ್ಕೆ ಏಳುತ್ತದೆ. ಎತ್ತರಕ್ಕೆ ಏರಲು ಹೆಜ್ಜಾರ್ಲೆ ಆ ಗಾಳಿಯನ್ನು ಹಿಡಿಯುತ್ತದೆ. ರೆಕ್ಕೆ ಬಡಿದು ಪಡುವ ಶ್ರಮ ಅಷ್ಟು ಉಳಿಯಿತು.

ಒಂದೇ ಸಂಘದ ಇಬ್ಬರು ಎಮ್ಮೆಗೆ ಸಾಲ ತೆಗೆದರು. ಒಬ್ಬಳು ಯುಗಾದಿ ಮುಗಿದ ಕೂಡಲೇ, ಮೇವು ನೀರು ಇಲ್ಲದ ಕಾಲದಲ್ಲಿ ತಂದಳು. ಹಾಲು ಮಾರಿದ ದುಡ್ಡೆಲ್ಲ ಮೇವಿಗೇ ಹೋಯಿತು, ಕಂತು ಕೈಯಿಂದ ಕಟ್ಟಿದಳು. ಇನ್ನೊಬ್ಬಳು ಮಳೆಗಾಲದ ತನಕ ಕಾದು, ಬದುವಿನಲ್ಲಿ ಹುಲ್ಲು ಎದ್ದ ಮೇಲೆ ತಂದಳು. ಸಾಲ ಒಂದೇ, ಬಡ್ಡಿ ಒಂದೇ. ಒಬ್ಬಳಿಗೆ ಭಾರ, ಇನ್ನೊಬ್ಬಳಿಗೆ ರೆಕ್ಕೆ.

ನಾವು ಸಾಲವೇ ಬೇಡ ಅನ್ನುವವರಲ್ಲ. ಬಡವರು ಸಾಲ ಇಲ್ಲದೆ ಮೇಲೇಳುವುದು ಕಷ್ಟ. ಆದರೆ ಕೊಡುವವರು ಕೊಡುತ್ತೇವೆ ಅಂದ ದಿನ ಸಾಲ ತೆಗೆಯಬೇಡಿ, ನಿಮಗೆ ಗಾಳಿ ಬೀಸಿದ ದಿನ ತೆಗೆಯಿರಿ.

4. ಬೆಕ್ಕು: ಉಗುರು ಒಳಗೆ

ನಾಲ್ಕನೆಯದು ನಿಮ್ಮ ಅಡುಗೆಮನೆಯಲ್ಲೇ ಇದೆ. ಬೆಕ್ಕು ಬಂದದ್ದು ಗೊತ್ತಾಗುವುದಿಲ್ಲ, ಹಾಲಿನ ಪಾತ್ರೆ ಬಿದ್ದಾಗಲೇ ಗೊತ್ತಾಗುವುದು! ಅಷ್ಟು ಮೆತ್ತಗೆ ನಡೆಯಲು ಕಾರಣ ಅಂಗಾಲಿನ ಮೆತ್ತೆ. ಜೊತೆಗೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ. ನಾಯಿಗೆ ಹಾಗೆ ಆಗುವುದಿಲ್ಲ, ಅದರ ಉಗುರು ಕಲ್ಲಿಗೆ ತಾಗಿ ಟಕಟಕ ಅನ್ನುತ್ತದೆ, ಸವೆಯುತ್ತದೆ. ಬೆಕ್ಕಿನ ಉಗುರು ಚೂಪಾಗಿಯೇ ಉಳಿಯುತ್ತದೆ, ಬೇಕಾದಾಗ ಕೆಲಸಕ್ಕೆ ಬರುತ್ತದೆ.

ನಮ್ಮ ಉಗುರು ನಾಲಿಗೆಯಲ್ಲಿದೆ. ನೀರಿನ ನಲ್ಲಿಯ ಹತ್ತಿರ, ಬಸ್ ಸ್ಟ್ಯಾಂಡಿನಲ್ಲಿ, ಒಬ್ಬಳ ಸಾಲದ ಮಾತು ಇನ್ನೊಬ್ಬಳ ಬಾಯಲ್ಲಿ. ಅಲ್ಲೆಲ್ಲ ಉಗುರು ಸವೆಸುತ್ತೇವೆ. ಆಮೇಲೆ ನಿಜವಾಗಿ ಪರಚಬೇಕಾದ ಕಡೆ, ಅಂದರೆ ಸಾರಾಯಿ ಕುಡಿದು ಹೊಡೆಯುವವನ ಮುಂದೆ, ಲೆಕ್ಕ ಕೊಡದ ಅಧಿಕಾರಿಯ ಮುಂದೆ, ಮನೆ ಬಾಗಿಲಿಗೆ ಬಂದು ಕೂಗಾಡುವ ವಸೂಲಿಗಾರನ ಮುಂದೆ, ನಮಗೆ ಬಾಯೇ ಬರುವುದಿಲ್ಲ. ಉಗುರು ಬೇಕು. ಅಕ್ಕತಂಗಿಯರ ನಡುವೆ ಒಳಗಿರಲಿ.

ಹಗುರ ಅಂದರೆ ಸದ್ದಿಲ್ಲದಿರುವುದಲ್ಲ

ಒಂದು ಎಚ್ಚರಿಕೆ. ನಾವು ಚಿಕ್ಕವರಿದ್ದಾಗ ಹಿರಿಯರು, ಹೆಣ್ಣು ನಡೆದರೆ ನೆಲಕ್ಕೂ ಗೊತ್ತಾಗಬಾರದು ಅನ್ನುತ್ತಿದ್ದರು. ನಿಧಾನ ನಡಿ, ಮೆಲ್ಲಗೆ ಮಾತಾಡು, ಜೋರಾಗಿ ನಗಬೇಡ. ನಾವು ಇವತ್ತು ಹೇಳುತ್ತಿರುವುದು ಆ ಹಗುರವಲ್ಲ. ಕನ್ನಡದಲ್ಲಿ ಈ ಮಾತಿಗೆ ಎರಡು ಮುಖ ಇದೆ. 'ಮನಸ್ಸು ಹಗುರಾಯಿತು' ಅಂತಲೂ ಅನ್ನುತ್ತೇವೆ, 'ಅವಳನ್ನ ಹಗುರವಾಗಿ ತಗೊಂಡರು' ಅಂತಲೂ ಅನ್ನುತ್ತೇವೆ. ಮೊದಲನೆಯದು ನಮಗೆ ಬೇಕು. ಎರಡನೆಯದಕ್ಕೆ ಯಾರಿಗೂ ಅವಕಾಶ ಕೊಡಬಾರದು.

ಹಕ್ಕಿಗಳನ್ನು ನೋಡಿ ಅಂತ ಯೇಸುಸ್ವಾಮಿ ಜನರಿಗೆ ಹೇಳಿದರು. ನಿಮ್ಮ ಮನೆಯ ದೇವರ ಪಟಗಳಲ್ಲೂ ನವಿಲು, ಹಂಸ ಇವೆ. ಹಕ್ಕಿ ದುಡಿಯುವುದಿಲ್ಲ ಅಂತ ಅದರ ಅರ್ಥವಲ್ಲ. ಹಕ್ಕಿ ಬೆಳಗಿನಿಂದ ಸಂಜೆಯ ತನಕ ದುಡಿಯುತ್ತದೆ. ಆದರೆ ನಾಳೆಯ ಭಯವನ್ನು ಇವತ್ತಿನ ರೆಕ್ಕೆಗೆ ಕಟ್ಟಿಕೊಳ್ಳುವುದಿಲ್ಲ. ದೇವರ ಮೇಲೆ ಭಾರ ಹಾಕುವುದು ಅಂದರೆ ಕೈಕಟ್ಟಿ ಕೂರುವುದಲ್ಲ. ಆತ ನಮಗೆ ಕೊಟ್ಟಿರುವ ಅಕ್ಕತಂಗಿಯರನ್ನು ನಂಬಿ ಬಾಯಿ ಬಿಡುವುದೂ ಅದರಲ್ಲೇ ಸೇರಿದೆ.

ಆ ತಂಗಿಯ ಕಥೆ ಏನಾಯಿತು?

ಮುಂದಿನ ಸಭೆಗೆ ಆಕೆ ಬಂದಳು. ಆ ದಿನ ದುಡ್ಡು ಕೇಳಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಒಂದು ಹಾಳೆಯ ಮೇಲೆ ಎಲ್ಲ ಸಾಲ ಬರೆದೆವು. ಕಂಪನಿ ಕಂತು ವಾರಕ್ಕೆ 550, 700, 850. ಒಟ್ಟು 2100. ನಾಲ್ಕು ವಾರಕ್ಕೆ 8400. ಗಂಡ ಹೆಂಡತಿ ಇಬ್ಬರ ದುಡಿಮೆ ತಿಂಗಳಿಗೆ ಸುಮಾರು 13000. ಹಾಳೆ ನೋಡಿ ಎಲ್ಲರೂ ಸುಮ್ಮನಾದರು. ಒಬ್ಬಳು ಮೆಲ್ಲಗೆ, "ನಂದೂ ಬರೀರಿ ಸಿಸ್ಟರ್" ಅಂದಳು. ಇನ್ನೊಬ್ಬಳೂ ಅಂದಳು. ಒಂದು ಚಿಗರಿ ಜಿಗಿದರೆ ಹಿಂಡು ಜಿಗಿಯುವುದು ಅಂದರೆ ಇದೇ.

ಆಗ ಕೆಲವು ನಿಯಮಗಳನ್ನು ಓದಿ ಹೇಳಿದೆವು. ನೀವೂ ನೆನಪಿಡಿ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದ ಪ್ರಕಾರ, ಒಂದು ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗುವ ಹಾಗೆ ಕಿರುಸಾಲ ಕೊಡಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡಿ ಕಾಡಬಾರದು. ಬೆದರಿಸುವುದು, ಬೈಯುವುದು ಕೂಡದು. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. 2025ರಲ್ಲಿ ನಮ್ಮ ರಾಜ್ಯದಲ್ಲಿ ಬಲವಂತದ ವಸೂಲಿಯ ವಿರುದ್ಧ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆಯೇ ಬಂತು. ಹತ್ತು ವರ್ಷದ ತನಕ ಜೈಲು, ಐದು ಲಕ್ಷ ರೂಪಾಯಿ ತನಕ ದಂಡ ಇದೆ. ತೊಂದರೆ ಆದರೆ ಪೊಲೀಸರಿಗೆ 112, ಮಹಿಳಾ ಸಹಾಯವಾಣಿಗೆ 181. ಇದು ಸಾಲ ಕಟ್ಟಬೇಡಿ ಅನ್ನುವ ಮಾತಲ್ಲ. ತೆಗೆದದ್ದನ್ನು ಕಟ್ಟಬೇಕು. ಆದರೆ ಕಟ್ಟುವವಳಿಗೂ ಮರ್ಯಾದೆ ಇದೆ.

550ರ ಕಂತಿನ ಸಾಲ ಇನ್ನು 18 ವಾರ, 9900 ರೂಪಾಯಿ ಬಾಕಿ ಇತ್ತು. ಸಂಘ ತನ್ನ ಉಳಿತಾಯದಿಂದ ನೂರಕ್ಕೆ ಒಂದು ರೂಪಾಯಿ ಬಡ್ಡಿಯಲ್ಲಿ 10000 ಕೊಟ್ಟು ಅದನ್ನು ಮುಗಿಸಿತು. ಇಬ್ಬರು ಸದಸ್ಯೆಯರು ಆಕೆಯ ಜೊತೆ ಹೋಗಿ ಸಾಲ ತೀರಿದ ಪತ್ರ ಕೇಳಿ ತಂದರು. ತಿಂಗಳಿಗೆ 2200 ಹೋಗುವ ಕಡೆ ಈಗ 600 ಹೋಗುತ್ತದೆ. ಉಳಿದೆರಡು ಸಾಲ ಇನ್ನೂ ಇವೆ. ಎಲ್ಲ ಸೇರಿ ತಿಂಗಳಿಗೆ 6800. ಇದು ಸಂಘದ ಹಳೆಯ ಸಾಲ ಬಿಟ್ಟು. ಅದನ್ನು ಈ ಎರಡು ತೀರುವ ತನಕ ಕೇಳುವುದಿಲ್ಲ ಅಂತ ಸಂಘ ನಡಾವಳಿ ಬರೆಯಿತು. ಹೊಸ ಸಾಲ ತೆಗೆಯುವುದಿಲ್ಲ ಅಂತ ಆಕೆಯೂ, ಗಂಡನೂ ಸಂಘದ ಮುಂದೆ ಹೇಳಿದರು. ಕಷ್ಟ ಮುಗಿದಿಲ್ಲ. ಆದರೆ ಮೊನ್ನೆ ಸಿಕ್ಕಾಗ ಅಂದಳು:

"ಸಾಲ ಇನ್ನೂ ಐತ್ರೀ ಸಿಸ್ಟರ್. ಆದ್ರ ಬಾಗಿಲಾ ತಗದ ಇಡತೀನ್ರೀ ಈಗ."

ನಾವೂ ಬದಲಾಗಬೇಕಾಯಿತು. ಆ ಸಂಘ ಗೈರಿನ ದಂಡ ತೆಗೆದುಹಾಕಿತು. ಈಗ ಯಾರಾದರೂ ಎರಡು ಸಭೆ ತಪ್ಪಿಸಿದರೆ ಇಬ್ಬರು ಅವರ ಮನೆಗೆ ಹೋಗುತ್ತಾರೆ. ಪುಸ್ತಕ ಒಯ್ಯುವುದಿಲ್ಲ, ದುಡ್ಡಿನ ಮಾತು ಎತ್ತುವುದಿಲ್ಲ. "ಆರಾಮ ಇದ್ದೀಯೇನವಾ?" ಅಂತ ಕೇಳಿ ಬರುತ್ತಾರೆ. ನಿಮ್ಮ ಸಂಘದಲ್ಲೂ ಇದನ್ನು ಮಾಡಿ ನೋಡಿ. ಎಪ್ಪತ್ತು ರೂಪಾಯಿ ದಂಡದಿಂದ ಯಾವ ಸಂಘವೂ ಉದ್ಧಾರ ಆಗಿಲ್ಲ.

ಹೋಗುವಾಗ ಬಸ್ಸಿನ ಕಿಟಕಿಯಿಂದ ಹೊಲದ ಕಡೆ ಒಮ್ಮೆ ನೋಡಿ. ಚಿಗರಿ ಕಂಡರೂ ಕಾಣಬಹುದು. ಎಲ್ಲರಿಗೂ ದೇವರು ಒಳ್ಳೆಯದು ಮಾಡಲಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಕಷ್ಟ ಹೇಳಿಕೊಂಡರೆ ನಗುವವರಿದ್ದಾರಾ, ಕೇಳುವವರಿದ್ದಾರಾ?
2. ಪ್ರತಿನಿಧಿಗಳನ್ನು ಕೊನೆಯ ಸಲ ಬದಲಾಯಿಸಿದ್ದು ಯಾವಾಗ?
3. ಪ್ರತಿ ಸದಸ್ಯೆ ತನ್ನ ಮನೆಯ ಎಲ್ಲ ಸಾಲ ಮತ್ತು ಕಂತನ್ನು ಒಂದು ಹಾಳೆಯಲ್ಲಿ ಬರೆಯಲಿ. ಅದು ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಿದೆಯಾ?
4. ಕಳೆದ ಎರಡು ಸಭೆಗೆ ಬಾರದವರು ಯಾರು? ಅವರ ಮನೆಗೆ ಈ ವಾರ ಯಾರು ಹೋಗುತ್ತೀರಿ?